ಕಪ್ಪಗಿದ್ದ ಮಾತ್ರಕ್ಕೆ ಮ್ಯಾಫಿಕ್ ಅಲ್ಲ: ಕೊಡಗಿನ ಕಲ್ಲು ಗುರುತಿಸಲು ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಮುಂದಿನ ಮೆಟ್ಟಿಲು ಕಲ್ಲು ಮಳೆಗಾಲದಲ್ಲಿ ಕಡುಕಪ್ಪಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಹಸಿರು ಬೆರೆತ ನೀಲಿ. ಎಣ್ಣೆ ಕೈಯಲ್ಲಿ ಸವರಿದ ಹಾಗೆ ಒಂದು ಜಿಡ್ಡು ಹೊಳಪು. ಅದು ಮ್ಯಾಫಿಕ್ ಕಲ್ಲು ಅಂತ ತುಂಬಾ ವರ್ಷ ನಂಬಿದ್ದೆ, ಮನೆಗೆ ಬಂದ ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಒಂದು ದಿನ ಮೂಲೆಯಿಂದ ಎದ್ದ ಚೂರೊಂದನ್ನು ಸರಿಯಾಗಿ ಪರೀಕ್ಷೆ ಮಾಡಿದೆ. ಅದು ಅಪ್ಪಟ ಫೆಲ್ಸಿಕ್! ಕೊಡಗಿನಲ್ಲಿ ಈ ತಪ್ಪು ಆಗುವುದು ಬಹಳ ಸುಲಭ. ಪುಸ್ತಕದಲ್ಲಿ ಓದಿದ ‘ಕಪ್ಪು ಅಂದರೆ ಮ್ಯಾಫಿಕ್, ಬಿಳಿ ಅಂದರೆ ಫೆಲ್ಸಿಕ್’ ಅನ್ನುವ ಸೂತ್ರ ನಮ್ಮ ಊರಿನ ಕಲ್ಲಿನ ಮುಂದೆ ಕೈಕೊಡುತ್ತದೆ. ಹಾಗಾಗಿ ಬಣ್ಣ ನೋಡಿ ಮೋಸ ಹೋಗದೆ, ಮನೆಯಲ್ಲಿರುವ ಸಾಮಾನಿನಲ್ಲೇ ಕಲ್ಲನ್ನು ಗುರುತಿಸುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲು ಈ ಎರಡು ಪದ ಏನು ಅಂತ ತಿಳಿಯೋಣ

ಎರಡೂ ಪದ ಜೋಡಿಸಿ ಮಾಡಿದವು. ಮೆಗ್ನೀಸಿಯಂ ಮತ್ತು ಕಬ್ಬಿಣ ಸೇರಿ ‘ಮ್ಯಾಫಿಕ್’. ಫೆಲ್ಡ್‌ಸ್ಪಾರ್ ಅನ್ನುವ ಹರಳು ಮತ್ತು ಸಿಲಿಕಾ ಸೇರಿ ‘ಫೆಲ್ಸಿಕ್’. ಅಳತೆಗೋಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ್ದು. ಕಲ್ಲಿನ ತೂಕದಲ್ಲಿ ಸಿಲಿಕಾ ಸುಮಾರು 45ರಿಂದ 52 ಶೇಕಡಾ ಇದ್ದರೆ ಮ್ಯಾಫಿಕ್. 52ರಿಂದ 63ರವರೆಗೆ ನಡುವಿನ ಜಾತಿ. 63 ದಾಟಿದರೆ ಫೆಲ್ಸಿಕ್ ಕಡೆ. 45ಕ್ಕಿಂತ ಕೆಳಗೆ ಇಳಿದರೆ ಅಲ್ಟ್ರಾಮ್ಯಾಫಿಕ್, ಅಂದರೆ ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್‌ನಲ್ಲಿರುವಂಥ ಭಾರದ ಕಲ್ಲು. ಈ ಗೆರೆಗಳನ್ನು ಒಬ್ಬೊಬ್ಬರು ಸ್ವಲ್ಪ ಆಚೀಚೆ ಎಳೆಯುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅದೇ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಭೂಮಿಯೊಳಗೆ ನಿಧಾನವಾಗಿ ತಣಿದರೆ ಹರಳು ದಪ್ಪ, ಮೇಲೆ ಉಕ್ಕಿ ಬೇಗ ತಣಿದರೆ ಹರಳು ಸಣ್ಣ. ಮ್ಯಾಫಿಕ್ ಪಾಕ ಒಳಗೆ ತಣಿದರೆ ಗ್ಯಾಬ್ರೊ, ಹೊರಗೆ ತಣಿದರೆ ಬಸಾಲ್ಟ್. ಫೆಲ್ಸಿಕ್ ಆದರೆ ಒಳಗೆ ಗ್ರಾನೈಟ್, ಹೊರಗೆ ರಯೋಲೈಟ್. ನಡುವಿನ ಜಾತಿಗೆ ಡಯೊರೈಟ್, ಆಂಡಿಸೈಟ್. ಅಂದರೆ ಹರಳಿನ ಗಾತ್ರ ಹೇಳುವುದು ತಣಿದ ವೇಗವನ್ನು, ಹರಳಿನ ಜಾತಿ ಹೇಳುವುದು ಪಾಕದ ರುಚಿಯನ್ನು. ಇವೆರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಪಾಕ ಅಂದಮೇಲೆ ಪಾಕದ ಹದ

ಶಿಲಾಪಾಕ ಅನ್ನುವ ಕನ್ನಡ ಪದ ನನಗೆ ತುಂಬಾ ಇಷ್ಟ. ಬೆಲ್ಲದ ಪಾಕ ಕಾಯಿಸಿದವರಿಗೆ ಅರ್ಧ ಭೂವಿಜ್ಞಾನ ಆಗಲೇ ಗೊತ್ತಿರುತ್ತದೆ. ಎಳೆ ಪಾಕ ಸೌಟಿನಿಂದ ಸರಸರ ಇಳಿಯುತ್ತದೆ, ಉಂಡೆ ಪಾಕ ಕದಲುವುದೇ ಇಲ್ಲ. ಮ್ಯಾಫಿಕ್ ಪಾಕ ಎಳೆ ಪಾಕದ ಹಾಗೆ. 1000ದಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕಿ ದೂರದೂರ ಹರಿಯುತ್ತದೆ. ಫೆಲ್ಸಿಕ್ ಪಾಕ 700ರಿಂದ 850 ಡಿಗ್ರಿಯಲ್ಲೇ ಇರುತ್ತದೆ, ಆದರೆ ಅದರ ಅಂಟು ಮ್ಯಾಫಿಕ್ ಪಾಕಕ್ಕಿಂತ ಲಕ್ಷಾಂತರ ಪಟ್ಟು ಜಾಸ್ತಿ. ಕಾರಣ ಸಿಲಿಕಾ. ಒಂದು ಸಿಲಿಕಾನ್‌ಗೆ ನಾಲ್ಕು ಆಕ್ಸಿಜನ್ ಅಂಟಿಕೊಂಡ ಪುಟ್ಟ ಗುಂಪುಗಳು ಒಂದಕ್ಕೊಂದು ಕೈ ಹಿಡಿದು ಸರಪಳಿ, ಬಲೆ ಹೆಣೆಯುತ್ತವೆ. ಸಿಲಿಕಾ ಹೆಚ್ಚಿದಷ್ಟೂ ಬಲೆ ಬಿಗಿ. ಒಳಗಿನ ಹಬೆ ಹೊರಬರಲು ದಾರಿ ಸಿಗದೆ ಕೊನೆಗೆ ಸಿಡಿಯುತ್ತದೆ. 2008ರಲ್ಲಿ ಚಿಲಿಯ ಚೈಟೆನ್ ಜ್ವಾಲಾಮುಖಿ ರಯೋಲೈಟ್ ಪಾಕ ಉಗುಳಿದ್ದು ಹೀಗೇ, ದೊಡ್ಡ ಬೂದಿ ಮೋಡ ಎಬ್ಬಿಸಿ. ಬಸಾಲ್ಟ್ ಪಾಕ ಹೇಗೆ ಹರಿಯುತ್ತದೆ ಅಂತ ತಿಳಿಯಲು ನಮ್ಮ ರಾಜ್ಯದ ಉತ್ತರ ಭಾಗ ಸಾಕು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಡೆಕ್ಕನ್ ಟ್ರ್ಯಾಪ್ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಪದರ ಪದರವಾಗಿ ಮಲಗಿದೆ. ಗೋಲಗುಮ್ಮಟ ಕಟ್ಟಿದ್ದೂ ಅದೇ ಬಸಾಲ್ಟ್‌ನಲ್ಲಿ.

ಹಾಗಾದರೆ ಫೆಲ್ಸಿಕ್ ಪಾಕ ಬರುವುದು ಎಲ್ಲಿಂದ? ಒಂದು, ಭೂಮಿಯ ಹೊರಪದರವೇ ಕರಗಿದಾಗ. ಇನ್ನೊಂದು, ಮ್ಯಾಫಿಕ್ ಪಾಕ ತಣಿಯುತ್ತಾ ಹೋದಾಗ. ಎರಡನೆಯದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ಉದಾಹರಣೆ ಇದೆ. ಚಳಿಗಾಲದ ರಾತ್ರಿ ಉಳಿದ ಪಂದಿ ಕರಿಯನ್ನು (ಹಂದಿ ಮಾಂಸದ ಸಾರು) ಬೆಳಗ್ಗೆ ತೆರೆದು ನೋಡಿ. ಕೊಬ್ಬು ಮೊದಲು ಗಟ್ಟಿಯಾಗಿ ಬೇರೆಯಾಗಿರುತ್ತದೆ, ಕೆಳಗೆ ಉಳಿದ ರಸ ನಿನ್ನೆಯ ರಸ ಅಲ್ಲ, ಖಾರ ಹುಳಿ ಎಲ್ಲ ಅದರಲ್ಲೇ ಜಾಸ್ತಿ. ಶಿಲಾಪಾಕದಲ್ಲೂ ಹಾಗೆ, ಆದರೆ ಅಲ್ಲಿ ಮೊದಲು ಗಟ್ಟಿಯಾಗುವ ಹರಳು ಭಾರ, ಅದು ತಳಕ್ಕೆ ಇಳಿಯುತ್ತದೆ. ಮೊದಲು ಆಲಿವಿನ್, ಆಮೇಲೆ ಪೈರಾಕ್ಸೀನ್, ಹಾರ್ನ್‌ಬ್ಲೆಂಡ್, ಕರಿ ಅಭ್ರಕ. ಇವೆಲ್ಲ ಕಬ್ಬಿಣ, ಮೆಗ್ನೀಸಿಯಂ ಎಳೆದುಕೊಂಡು ಹೋಗುತ್ತವೆ. ಕೊನೆಗೆ ಉಳಿಯುವ ರಸದಲ್ಲಿ ಸಿಲಿಕಾ, ಪೊಟ್ಯಾಸಿಯಂ ಜಾಸ್ತಿ. ಅದರಿಂದ ಗುಲಾಬಿ ಫೆಲ್ಡ್‌ಸ್ಪಾರ್, ಬಿಳಿ ಅಭ್ರಕ, ಬೆಣಚು (ಕ್ವಾರ್ಟ್ಜ್) ಬರುತ್ತವೆ. ಈ ಕ್ರಮವನ್ನು ಕುಲುಮೆಯಲ್ಲಿ ಪ್ರಯೋಗ ಮಾಡಿ ತೋರಿಸಿದವರು ನಾರ್ಮನ್ ಬೋವೆನ್, ಸುಮಾರು ನೂರು ವರ್ಷದ ಹಿಂದೆ.

ಕೊಡಗಿನ ಕಲ್ಲಿನ ವಿಷಯ

ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಕಲ್ಲುಗಳು ತಣ್ಣಗಾಗಿ ಹಾಗೇ ಉಳಿದ ಅಗ್ನಿಶಿಲೆಗಳಲ್ಲ. ಬಹುಪಾಲು 300 ಕೋಟಿ ವರ್ಷಕ್ಕಿಂತ ಹಳೆಯವು, ಭೂಮಿಯ ಆಳದಲ್ಲಿ ಮತ್ತೆ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದವು. ಪಟ್ಟೆ ಪಟ್ಟೆಯ ನೈಸ್, ಜಿಡ್ಡು ಹೊಳಪಿನ ಚಾರ್ನಕೈಟ್, ಕಪ್ಪು ಮ್ಯಾಫಿಕ್ ಗ್ರ್ಯಾನ್ಯುಲೈಟ್, ಇವೇ ನಮ್ಮಲ್ಲಿ ಮುಖ್ಯ. ಮಡಿಕೇರಿಯ ಹಳೆಯ ಹೆಸರಿನಲ್ಲೇ ಮರ್ಕಾರಾ ಶಿಯರ್ ಜೋನ್ ಅಂತ ಒಂದು ದೊಡ್ಡ ಬಿರುಕು ವಲಯ ಇದೆ. ಕೊಡಗಿನ ತುಂಡು ಮತ್ತು ಧಾರವಾಡದ ಹಳೆಯ ನೆಲ ಎರಡೂ ಬೆಸೆದುಕೊಂಡ ಹೊಲಿಗೆ ಅದು. ಕಲ್ಲು ಮತ್ತೆ ಬೆಂದರೂ ಒಳಗಿನ ರಾಸಾಯನಿಕ ಲೆಕ್ಕ ಹೆಚ್ಚಾಗಿ ಹಾಗೇ ಉಳಿಯುವುದರಿಂದ ಮ್ಯಾಫಿಕ್, ಫೆಲ್ಸಿಕ್ ಅನ್ನುವ ಮಾತು ಇವಕ್ಕೂ ಸಲ್ಲುತ್ತದೆ.

ಹೆಜ್ಜೆ 1: ಸರಿಯಾದ ಜಾಗ, ಸರಿಯಾದ ಕಲ್ಲು

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆ ಸಮಯ. ಮಳೆಗಾಲದಲ್ಲಿ ಜಿಗಣೆ ಕಾಟ ಒಂದು ಕಡೆ ಇರಲಿ, ರಸ್ತೆ ಬದಿ ಕಡಿದ ಗುಡ್ಡದ ಹತ್ತಿರ ಹೋಗುವುದೇ ಅಪಾಯ. 2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತವನ್ನು ಯಾರೂ ಮರೆತಿಲ್ಲ. ಹೊಳೆ ಬತ್ತಿದಾಗ ಕಾಣುವ ಉರುಟು ಕಲ್ಲು, ತೋಟದಲ್ಲಿ ಬಾವಿ ತೋಡುವಾಗ ತೆಗೆದ ಕಲ್ಲು, ಕಟ್ಟಡಕ್ಕೆ ತಂದ ಜಲ್ಲಿ ರಾಶಿ, ಇವು ಸಾಕು. ಜಲ್ಲಿ ರಾಶಿ ನನಗೆ ಬಹಳ ಇಷ್ಟ, ಎಲ್ಲ ಮುಖವೂ ಹೊಸದಾಗಿ ಒಡೆದಿರುತ್ತದೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯದ ಒಳಗೆ ಸುತ್ತಿಗೆ ಎತ್ತಬೇಡಿ. ದೇವರಕಾಡಿನ ಕಲ್ಲನ್ನಂತೂ ಮುಟ್ಟಲೇಬೇಡಿ.

ಬೇರೆಯವರ ತೋಟ ಆದರೆ ಕೇಳಿ ತೆಗೆಯಿರಿ. ಮುಷ್ಟಿ ಗಾತ್ರದ್ದು ಒಂದು, ಅದೇ ಕಲ್ಲಿನ ಸಣ್ಣ ಚೂರು ಎರಡು ಮೂರು, ಅಷ್ಟು ಸಾಕು.

ಹೆಜ್ಜೆ 2: ಹೊಸ ಮುಖ ತೆರೆಯಿರಿ

ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಮ್ನೆ. ನಮ್ಮ ಮಳೆಗೆ ಕಲ್ಲಿನ ಮೇಲೆ ಪಾಚಿ, ತುಕ್ಕು, ಬಿಳಿ ಸಿಪ್ಪೆ ಎಲ್ಲ ಕೂತಿರುತ್ತದೆ. ಚಾರ್ನಕೈಟ್ ಹೊರಗೆ ಸವೆದು ಕಂದು ಬಿಳಿಯಾಗಿ ಮಾಮೂಲಿ ಗ್ರಾನೈಟ್ ಥರ ಕಾಣುತ್ತದೆ, ಒಡೆದರೆ ಒಳಗೆ ಹಸಿರು ನೀಲಿ. ಮ್ಯಾಫಿಕ್ ಕಲ್ಲಿಗೆ ಹೊರಗೆ ತುಕ್ಕು ಬಣ್ಣದ ಚಿಪ್ಪು, ಈರುಳ್ಳಿ ಪದರದ ಹಾಗೆ ಏಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿ, ಕಲ್ಲನ್ನು ಗೋಣಿ ಚೀಲದಲ್ಲಿ ಸುತ್ತಿ, ಅಂಚಿಗೆ ಒಂದೇ ಏಟು ಹಾಕಿ. ಚೂರು ಹಾರಿ ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ, ಕನ್ನಡಕದ ಮಾತು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೆಜ್ಜೆ 3: ಹರಳು ಗುರುತಿಸಿ

ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಬೇಕು, ಜಾಸ್ತಿ ಬೆಲೆ ಏನಿಲ್ಲ. ಮಸೂರವನ್ನು ಕಣ್ಣಿಗೆ ಅಂಟಿಸಿ ಹಿಡಿದು ಕಲ್ಲನ್ನು ಹತ್ತಿರ ತನ್ನಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಕಲ್ಲಿಗೆ ಒಂಚೂರು ನೀರು ಸವರಿ, ಬಿಸಿಲಿನಲ್ಲಿ ನಿಧಾನವಾಗಿ ತಿರುಗಿಸಿ.

ಬೆಣಚು ಗಾಜಿನ ಚೂರಿನ ಹಾಗೆ, ಒಡೆದ ಮುಖ ಚಪ್ಪಟೆ ಇರುವುದಿಲ್ಲ, ಚಾಕು ತಾಗುವುದಿಲ್ಲ. ಫೆಲ್ಡ್‌ಸ್ಪಾರ್ ಚಪ್ಪಟೆ ಮುಖದಲ್ಲಿ ಒಡೆದು, ತಿರುಗಿಸುವಾಗ ಕನ್ನಡಿ ಹಾಗೆ ಪಕ್ಕನೆ ಮಿಂಚುತ್ತದೆ. ಆ ಮಿಂಚಿನ ಮುಖದಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ಸಣ್ಣ ಗೆರೆ ಕಂಡರೆ ಅದು ಪ್ಲೇಜಿಯೋಕ್ಲೇಸ್ ಅನ್ನುವ ಜಾತಿಯ ಫೆಲ್ಡ್‌ಸ್ಪಾರ್. ಅಭ್ರಕ, ಅದೇ ಕಾಗೆಬಂಗಾರ, ಸೂಜಿ ಮೊನೆಯಲ್ಲಿ ಪದರವಾಗಿ ಎದ್ದು ಬರುತ್ತದೆ. ಹಾರ್ನ್‌ಬ್ಲೆಂಡ್ ಕಪ್ಪು, ಉದ್ದುದ್ದ, ಅದರ ಒಡಕು ಮುಖಗಳು 56 ಮತ್ತು 124 ಡಿಗ್ರಿಯಲ್ಲಿ ಓರೆಯಾಗಿ ಸೇರುತ್ತವೆ. ಪೈರಾಕ್ಸೀನ್ ಗಿಡ್ಡ, ಅದರ ಮುಖಗಳು ಹೆಚ್ಚುಕಡಿಮೆ ಮೂಲೆಮಟ್ಟ. ಈ ಎರಡನ್ನು ಬೇರೆ ಮಾಡುವುದಕ್ಕೆ ನನಗೆ ತಿಂಗಳುಗಟ್ಟಲೆ ಹಿಡಿಯಿತು, ಮೊದಲ ದಿನವೇ ಬರದಿದ್ದರೆ ಬೇಜಾರು ಬೇಡ.

ಈಗ ಕೊಡಗಿನ ಮುಖ್ಯ ಗುಟ್ಟು. ಚಾರ್ನಕೈಟ್‌ನಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ತಾವೇ ಬಣ್ಣ ಹಿಡಿದಿರುತ್ತವೆ. ಬೆಣಚು ನೀಲಿ ಬೂದು, ಫೆಲ್ಡ್‌ಸ್ಪಾರ್ ಹಸಿರು ಕಂದು, ಎರಡಕ್ಕೂ ಎಣ್ಣೆ ಹೊಳಪು. ದೂರದಿಂದ ಇಡೀ ಕಲ್ಲು ಕಪ್ಪು. ಒಂದು ತೆಳು ಚೂರನ್ನು ಸೂರ್ಯನ ಬೆಳಕಿಗೆ ಅಡ್ಡ ಹಿಡಿಯಿರಿ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆಳಕು ಚೂರಿನ ಅಂಚಿಗೆ ಬೀಳುವ ಹಾಗೆ ಹಿಡಿದರೆ ಸಾಕು. ಅಂಚಿನಲ್ಲಿ ಬೆಳಕು ತೂರಿ ಬಂದು ಚಹಾದ ಬಣ್ಣಕ್ಕೋ ತಿಳಿ ಹಸಿರಿಗೋ ತಿರುಗಿದರೆ ಅದು ಬೆಣಚು ಅಥವಾ ಫೆಲ್ಡ್‌ಸ್ಪಾರ್. ಬೆಳಕು ಬರದೆ ಕಪ್ಪಾಗೇ ನಿಂತರೆ ಪೈರಾಕ್ಸೀನ್, ಹಾರ್ನ್‌ಬ್ಲೆಂಡ್ ಇರಬಹುದು. ನಮ್ಮ ಮೆಟ್ಟಿಲಿನ ಚೂರನ್ನು ಹೀಗೆ ಹಿಡಿದ ದಿನ ಅಂಚು ಪೂರ್ತಿ ನಮ್ಮ ಕಪ್ಪು ಹುಳಿರಸ ಕಾಚಂಪುಳಿಗೆ ನೀರು ಬೆರೆಸಿದ ಬಣ್ಣಕ್ಕೆ ಬೆಳಗಿತು, ನಡುವೆ ಅಲ್ಲೊಂದು ಇಲ್ಲೊಂದು ಕರಿ ಚುಕ್ಕೆ. ನನ್ನ ಹಳೆ ನಂಬಿಕೆ ಅಲ್ಲಾಡಿದ್ದು ಆಗಲೇ.

ಚಾರ್ನಕೈಟ್ ಅನ್ನುವ ಹೆಸರಿನ ಕಥೆಯೂ ಹೇಳಿಬಿಡುತ್ತೇನೆ. ಕೋಲ್ಕತ್ತಾದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಕ್ ಸಮಾಧಿಯ ಕಲ್ಲು ಈ ಜಾತಿಯದು. 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅದನ್ನೇ ಹಿಡಿದು ಹೆಸರಿಟ್ಟರು. ಪೈರಾಕ್ಸೀನ್ ಇರುವ ಗ್ರಾನೈಟ್, ಅಷ್ಟೇ. ಆಮೇಲೆ ಆ ಹೆಸರನ್ನು ಸ್ವಲ್ಪ ಸಡಿಲವಾಗಿ ಬಳಸಿದ್ದರಿಂದ ಚಾರ್ನಕೈಟ್ ಅಂತ ಕರೆಯುವ ಕಲ್ಲುಗಳಲ್ಲಿ ನಡುವಿನ ಜಾತಿಯವೂ ಸಿಗುತ್ತವೆ. ಅದಕ್ಕೇ ಪ್ರತಿ ಕಲ್ಲನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು.

ಹೆಜ್ಜೆ 4: ಕಪ್ಪು ಹರಳು ಎಣಿಸಿ

ಪಾರದರ್ಶಕ ಫೈಲ್ ಕವರ್ ಮೇಲೆ ಮಾರ್ಕರ್‌ನಲ್ಲಿ ಹತ್ತು ಅಡ್ಡ, ಹತ್ತು ಉದ್ದ, ಒಟ್ಟು 100 ಚಿಕ್ಕ ಚೌಕ ಎಳೆಯಿರಿ. ಅರ್ಧ ಸೆಂಟಿಮೀಟರ್ ಚೌಕ ಸಾಕು. ಒದ್ದೆ ಮುಖದ ಮೇಲೆ ಇಟ್ಟು, ಪ್ರತಿ ಚೌಕದ ನಡುವೆ ಕಬ್ಬಿಣ ಇರುವ ಹರಳು (ಪೈರಾಕ್ಸೀನ್, ಹಾರ್ನ್‌ಬ್ಲೆಂಡ್, ಕರಿ ಅಭ್ರಕದಂಥದ್ದು) ಇದೆಯಾ ಅಂತ ನೋಡಿ ಎಣಿಸಿ. 20ಕ್ಕಿಂತ ಕಡಿಮೆ ಬಂದರೆ ಫೆಲ್ಸಿಕ್ ಕಡೆ. 20ರಿಂದ 40, ನಡುವಿನ ಜಾತಿ. 40 ದಾಟಿದರೆ ಮ್ಯಾಫಿಕ್. 90 ದಾಟಿದರೆ ಅಲ್ಟ್ರಾಮ್ಯಾಫಿಕ್. ಎಣಿಸುವಾಗ ಕಪ್ಪಾಗಿ ಕಾಣುವ ಫೆಲ್ಡ್‌ಸ್ಪಾರ್ ಸೇರಿಸಬೇಡಿ, ಇಲ್ಲದಿದ್ದರೆ ನನ್ನದೇ ತಪ್ಪು ನೀವೂ ಮಾಡುತ್ತೀರಿ. ನೈಸ್ ಆದರೆ ಬಿಳಿ ಪಟ್ಟೆ ಒಂದು ಲೆಕ್ಕ, ಕರಿ ಪಟ್ಟೆ ಇನ್ನೊಂದು ಲೆಕ್ಕ ಬರುತ್ತದೆ. ಎರಡೂ ಪಟ್ಟೆ ಸಿಗುವಷ್ಟು ದೊಡ್ಡ ಮುಖ ಆರಿಸಿ.

ಹೆಜ್ಜೆ 5: ತೂಕ ಹಾಕಿ

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದು. ಗ್ರಾನೈಟ್ ನೀರಿಗಿಂತ 2.65ರಿಂದ 2.7 ಪಟ್ಟು ಭಾರ. ಬಸಾಲ್ಟ್, ಗ್ಯಾಬ್ರೊ 2.9ರಿಂದ 3.1. ಅಲ್ಟ್ರಾಮ್ಯಾಫಿಕ್ ಜಾತಿಯ ಪೆರಿಡೊಟೈಟ್ 3.3ರ ಹತ್ತಿರ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಅದನ್ನು ಹಿಡಿದುಬಿಡುತ್ತದೆ.

ಅರ್ಧ ಕೆಜಿ ಮೇಲಿನ ಕಲ್ಲು ತೆಗೆದುಕೊಳ್ಳಿ. ಒಣ ಕಲ್ಲಿನ ತೂಕ ಬರೆದುಕೊಳ್ಳಿ. ತಕ್ಕಡಿ ಮೇಲೆ ಅರ್ಧ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ ನೀರಿಗೆ ಇಳಿಬಿಡಿ. ತಳ, ಬದಿ ಯಾವುದೂ ತಾಗಬಾರದು, ಕೈಯಲ್ಲೇ ತೂಗುತ್ತಿರಬೇಕು. ಗುಳ್ಳೆ ಅಂಟಿದ್ದರೆ ಸ್ವಲ್ಪ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಮ್ ಅಂದರೆ ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ, ಬರುವುದೇ ಕಲ್ಲಿನ ಸಾಂದ್ರತೆ.

ಮೆಟ್ಟಿಲಿನ ಕಲ್ಲು ಒಣಗಿದ್ದಾಗ 612 ಗ್ರಾಮ್, ನೀರಲ್ಲಿ ತೋರಿಸಿದ್ದು 228. ಭಾಗಿಸಿದರೆ 2.68. ಫೆಲ್ಸಿಕ್ ಅಂತ ಖಾತ್ರಿ ಆಯಿತು. ಅದೇ ದಿನ ಗದ್ದೆ ಬದಿಯ ತೋಡಿನಿಂದ ತಂದ ಇನ್ನೊಂದು ಕಪ್ಪು ಕಲ್ಲು 604 ಗ್ರಾಮ್, ನೀರಲ್ಲಿ 199. ಅಂದರೆ 3.04. ಪಕ್ಕಪಕ್ಕ ಇಟ್ಟರೆ ಎರಡೂ ಅಣ್ಣತಮ್ಮಂದಿರ ಹಾಗೆ, ಲೆಕ್ಕದಲ್ಲಿ ಒಂದು ಗ್ರಾನೈಟ್ ಬಳಗ, ಒಂದು ಗ್ಯಾಬ್ರೊ ಬಳಗ. ಆ ಸಂಜೆ ನನಗಾದ ಖುಷಿ ಹೇಳತೀರದು.

2.75ರಿಂದ 2.9ರ ನಡುವೆ ಬಂದರೆ ನಡುವಿನ ಜಾತಿ ಅಂತ ಬರೆದುಕೊಳ್ಳಿ. ಎರಡು ಎಚ್ಚರಿಕೆ. ಸವೆದ ಕಲ್ಲು ಹಗುರ ತೋರಿಸುತ್ತದೆ. ದಾಳಿಂಬೆ ಬೀಜದಂಥ ಕೆಂಪು ಗಾರ್ನೆಟ್ ತುಂಬಿದ್ದರೆ ಭಾರ ತೋರಿಸುತ್ತದೆ, ಯಾಕೆಂದರೆ ಗಾರ್ನೆಟ್ ಒಂದೇ 4ರ ಆಸುಪಾಸು.

ಹೆಜ್ಜೆ 6: ಪುಡಿ ಮಾಡಿ ನೋಡಿ

ಸಣ್ಣ ಚೂರನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಬಿಳಿ ಕಾಗದದ ಮೇಲೆ ಹರಡಿ. ಫೆಲ್ಸಿಕ್ ಕಲ್ಲು ಎಷ್ಟೇ ಕಪ್ಪಗಿದ್ದರೂ ಪುಡಿ ಬಿಳಿಯ ಕಡೆ ತಿರುಗುತ್ತದೆ. ಮ್ಯಾಫಿಕ್ ಪುಡಿ ಹಸಿರು ಬೂದು ಆಗೇ ಉಳಿಯುತ್ತದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು, ಬೆಣಚಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆ ಕುಟ್ಟಾಣಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಅಯಸ್ಕಾಂತ? ದಾರಕ್ಕೆ ಕಟ್ಟಿ ಕಲ್ಲಿನ ಹತ್ತಿರ ಹಿಡಿದರೆ ವಾಲುತ್ತದೆ ನಿಜ, ಆದರೆ ಅದನ್ನು ಎಳೆಯುವ ಮ್ಯಾಗ್ನೆಟೈಟ್ ಹರಳು ಚಾರ್ನಕೈಟ್‌ನಲ್ಲೂ ಇರುತ್ತದೆ. ತೀರ್ಮಾನಕ್ಕೆ ಅದು ಸಾಲದು.

ಹೆಜ್ಜೆ 7: ಕಲ್ಲಿನ ಪಕ್ಕದ ಮಣ್ಣು

ಕಲ್ಲಿನಿಂದ ಮಣ್ಣಿಗೆ ಬರೋಣ. ಬೆಣಚು ಮಳೆಗೆ ಕರಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಬಿಳಿ ಜೇಡಿಯಾಗುತ್ತದೆ. ಮ್ಯಾಫಿಕ್ ಹರಳುಗಳು ಬೇಗ ಕೊಳೆತು ಒಳಗಿನ ಕಬ್ಬಿಣ ತುಕ್ಕಾಗಿ ಮಣ್ಣನ್ನು ಕೆಂಪಾಗಿಸುತ್ತದೆ. ಕಲ್ಲಿಗೆ ಅಂಟಿಕೊಂಡೇ ಇರುವ ಕೊಳೆತ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ, ರಾತ್ರಿಯಿಡೀ ಬಿಡಿ. ತಳದಲ್ಲಿ ದಪ್ಪ ಮರಳಿನ ಪದರ ಕೂತಿದ್ದರೆ ಫೆಲ್ಸಿಕ್. ಮರಳು ಕಡಿಮೆ, ಕೆಂಪು ಜೇಡಿಯೇ ಜಾಸ್ತಿ ಅಂದರೆ ಮ್ಯಾಫಿಕ್ ಇರಬಹುದು. ಇಳಿಜಾರಿನಲ್ಲಿ ಮೇಲಿನ ಮಣ್ಣು ಕೆಳಗೆ ಜಾರಿ ಬಂದಿರುತ್ತದೆ, ಹಾಗಾಗಿ ಕಲ್ಲಿನಿಂದ ದೂರದ ಮಣ್ಣನ್ನು ನಂಬಬೇಡಿ.

ಕಾಫಿ ಬೆಳೆಯುವವರು ಕೇಳುವ ಪ್ರಶ್ನೆ ಒಂದಿದೆ: ಮ್ಯಾಫಿಕ್ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಅಲ್ವಾ, ಹಾಗಾದರೆ ಆ ಜಾಗಕ್ಕೆ ಸುಣ್ಣ ಬೇಡವಾ? ಬೇಕು. ನಮ್ಮ ಮಳೆ ಆ ಸತ್ವವನ್ನೆಲ್ಲ ತೊಳೆದು ಹೊಳೆಗೆ ಕೊಟ್ಟಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿಯೇ ಸುಣ್ಣದ ಲೆಕ್ಕ ಹಾಕಿ, ಕಲ್ಲು ನೋಡಿ ಹಾಕಬೇಡಿ.

ಹೆಸರು ನೋಡಿ ಮೋಸ ಹೋಗುವ ಜಾಗಗಳು

ಅಂಗಡಿಯಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಅಂತ ಮಾರುವ ಚಪ್ಪಡಿ ಹೆಚ್ಚಾಗಿ ಡಾಲರೈಟ್ ಅಥವಾ ಗ್ಯಾಬ್ರೊ, ಅಂದರೆ ಮ್ಯಾಫಿಕ್. ಹೆಸರಲ್ಲಿ ಮಾತ್ರ ಗ್ರಾನೈಟ್. ಇದಕ್ಕೆ ತದ್ವಿರುದ್ಧ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬಗಳಂಥ ಕಪ್ಪು ಬಂಡೆ ನೋಡಿ ಎಲ್ಲರೂ ಬಸಾಲ್ಟ್ ಅನ್ನುತ್ತಾರೆ, ಆದರೆ ಅದು ರಯೋಲೈಟ್, ಡೇಸೈಟ್ ಬಳಗದ ಫೆಲ್ಸಿಕ್ ಲಾವಾ. ಕಪ್ಪು ಗಾಜಿನಂಥ ಅಬ್ಸಿಡಿಯನ್ ಕೂಡ ಹಾಗೇ, 70 ಶೇಕಡಾ ದಾಟಿದ ಸಿಲಿಕಾ.

ಹೆಜ್ಜೆ 8: ಬರೆದಿಡಿ

ಕಲ್ಲಿಗೆ ಒಂದು ಬೊಟ್ಟು ಬಿಳಿ ಪೇಂಟ್ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ ಬರೆಯಿರಿ. ಪುಸ್ತಕದಲ್ಲಿ ಅದೇ ಸಂಖ್ಯೆಗೆ ಜಾಗ, ತಾರೀಕು, ಹೊಸ ಮುಖದ ಬಣ್ಣ, ಕಂಡ ಹರಳು, 100ರಲ್ಲಿ ಎಷ್ಟು ಕಪ್ಪು, ಸಾಂದ್ರತೆ, ಪುಡಿಯ ಬಣ್ಣ. ತೀರ್ಮಾನ ಕೊನೆಗೆ, ಅದೂ ಪೆನ್ಸಿಲ್‌ನಲ್ಲಿ. ಮೂರು ಪರೀಕ್ಷೆ ಒಂದೇ ಮಾತು ಹೇಳಿದರೆ ಮಾತ್ರ ಪೆನ್ನಿನಲ್ಲಿ ಬರೆಯಿರಿ. ನನ್ನ ಪುಸ್ತಕದ ಮೊದಲ ಸಾಲು ಹೀಗಿದೆ: ‘ಕಲ್ಲು 1. ಮನೆ ಮೆಟ್ಟಿಲು, ಎಡ ಮೂಲೆ. ಹಸಿರು ನೀಲಿ, ಜಿಡ್ಡು ಹೊಳಪು. ಬೆಣಚು, ಫೆಲ್ಡ್‌ಸ್ಪಾರ್, ಸ್ವಲ್ಪ ಪೈರಾಕ್ಸೀನ್. ಕಪ್ಪು 11. ಸಾಂದ್ರತೆ 2.68. ಪುಡಿ ಬಿಳಿ ಬೂದು. ಫೆಲ್ಸಿಕ್ ಚಾರ್ನಕೈಟ್.’ ಮುಂದಿನ ಸಾಲು ತೋಡಿನ ಕಲ್ಲಿನದು, ಅಲ್ಲಿ ಕಪ್ಪು 58.